ಅಯ್ಯನಕೆರೆಯ ಅಜ್ಜಿ

ಕಡೂರು ಸೀಮೆ ಎಂದೊಡನೆ ಕೇಳಿದವರಿಗೆ ಮೊದಲು ನೆನಪಾಗುವುದು ಅನಾವೃಷ್ಟಿ. ಪಶ್ಚಿಮದಲ್ಲಿ ಬಾಬಾಬುಡನ್ ಗಿರಿಯ ಸಾಲು ಮಳೆಯ ಮೋಡಗಳನ್ನೆಲ್ಲ ತಡೆದು ತನ್ನ ಮೈಮೇಲೆಯೇ ಸುರಿಸಿಕೊಳ್ಳುವುದರಿಂದ, ಬೆಟ್ಟದ ಮೂಡಣ ಬಯಲಿಗೆ ಉಳಿಯುವುದು ಅದರ ಶೇಷಪ್ರಸಾದ ಮಾತ್ರ. ಆದರೆ ಆ ಶೇಷವನ್ನು ವ್ಯರ್ಥವಾಗಗೊಡದೆ ಹಿಡಿದಿಡುವ ವಿದ್ಯೆಯನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ಗಿರಿಯಿಂದ ಇಳಿದುಬರುವ ವೇದಾ ಎಂಬ ಹೊಳೆಯನ್ನು ಸಖರಾಯಪಟ್ಟಣದ ಬಳಿ ಅಯ್ಯನಕೆರೆಯಲ್ಲಿಯೂ, ಅವತಿ ಎಂಬ ಹೊಳೆಯನ್ನು ಎಮ್ಮೆದೊಡ್ಡಿಯ ಕಡೆ ಮದಗದ ಕೆರೆಯಲ್ಲಿಯೂ ಅವರು ತಡೆದು ನಿಲ್ಲಿಸಿದರು. ಎರಡು ಕೆರೆಗಳನ್ನು ದಾಟಿ ಬಂದ ನೀರು ಕಡೂರಿನ ಸಮೀಪದಲ್ಲಿ ಒಂದಾಗಿ ವೇದಾವತಿಯೆಂಬ ಹೆಸರನ್ನು ಪಡೆದು, ಹಿರಿಯೂರಿನ ಬಳಿ ಮಾರಿಕಣಿವೆಯ ವಾಣೀವಿಲಾಸಸಾಗರವನ್ನು ಸೇರುತ್ತದೆ.

ಅಯ್ಯನಕೆರೆಯನ್ನು ಕಟ್ಟಿಸಿದವನು ರುಕ್ಮಾಂಗದರಾಯನೆಂದು ಐತಿಹ್ಯ. ಹೊಯ್ಸಳರ ಕಾಲದಲ್ಲಿ, ಕ್ರಿ.ಶ. ೧೧೫೬ರಲ್ಲಿ, ಅದರ ಜೀರ್ಣೋದ್ಧಾರವಾಯಿತೆಂದು ಹೇಳುತ್ತಾರೆ. ವಾಣೀವಿಲಾಸಸಾಗರಕ್ಕೆ ಮೈಸೂರಿನ ಮಹಾರಾಣಿಯವರ ಹೆಸರು ಇದೆ. ಹೀಗೆ ಕಟ್ಟಿಸಿದವರ ಹೆಸರು ಒಂದಲ್ಲ ಒಂದು ಬಗೆಯಲ್ಲಿ ಉಳಿದಿದೆ. ಕೆರೆಯನ್ನೇ ಹೊಲವೆಂದು ತಿಳಿದು, ಅದರ ನೀರಿನಲ್ಲಿ ಬಿತ್ತದೆ ಬೆಳೆದು, ಅದರ ದಡದಲ್ಲಿಯೇ ಹುಟ್ಟಿ ಮುಪ್ಪಾದವರ ವೃತ್ತಾಂತವನ್ನು ಮಾತ್ರ ಯಾರೂ ಬರೆದಿಡಲಿಲ್ಲ. ನಾನೂ ಬರೆಯುತ್ತಿರಲಿಲ್ಲ. ಕಳೆದ ಮಾರ್ಗಶಿರ ಮಾಸದಲ್ಲಿ ಮಾಡಿದ ಒಂದು ಸಣ್ಣ ಪ್ರಯಾಣ ನನ್ನ ಕೈಗೆ ಲೇಖನಿಯನ್ನು ಕೊಟ್ಟಿತು.

ನಾನು ಹೊರಟದ್ದು ನೀರನ್ನು ನೋಡುವುದಕ್ಕೆ. ತರೀಕೆರೆಯಲ್ಲಿ ನನ್ನ ಬಂಧುಗಳಿದ್ದಾರೆ. ಅಲ್ಲಿಂದ ಲಕ್ಕವಳ್ಳಿಗೆ ಹೋಗಿ ಭದ್ರಾ ಜಲಾಶಯವನ್ನು ನೋಡಿದೆನು. ೧೮೬ ಅಡಿಯ ಪೂರ್ಣಮಟ್ಟದ ಆ ಜಲರಾಶಿಯ ಸುತ್ತ ಕಾಡು ಕವಿದ ಬೆಟ್ಟಗಳು ಕಾವಲು ನಿಂತಂತಿವೆ. ಈಗ ಅಲ್ಲಿಯ ನೀರು ತನ್ನ ಸ್ವಭಾವವನ್ನು ಬಿಟ್ಟು ಮೇಲಕ್ಕೆ ಹತ್ತುತ್ತದೆ! ಶಾಂತಿಪುರ, ಬೆಟ್ಟದ ತಾವರೆಕೆರೆ ಎಂಬೆಡೆಗಳಲ್ಲಿ ಯಂತ್ರಗಳು ಅದನ್ನು ಎತ್ತಿ, ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರು ಉದ್ದದ ಸುರಂಗದೊಳಗಿಂದ ಬಯಲುಸೀಮೆಗೆ ದಾಟಿಸುತ್ತವೆ. ಇದೇ ಭದ್ರಾ ಮೇಲ್ದಂಡೆ ಯೋಜನೆ. ೨೦೧೯ರ ಬಳಿಕ ಈ ನೀರೂ ಮಾರಿಕಣಿವೆಗೆ ಸೇರತೊಡಗಿತು. ನೀರಿನ ಹಾದಿಯನ್ನೇ ಹಿಡಿದು ನಾನೂ ಅಜ್ಜಂಪುರಕ್ಕೆ ಬಂದೆನು.

ಅಜ್ಜಂಪುರ ಕರಿಮಣ್ಣಿನ ಊರು. ಅಮೃತಮಹಲ್ ದನಗಳ ತಳಿಸಂವರ್ಧನ ಕೇಂದ್ರದಿಂದ ಪ್ರಸಿದ್ಧಿ ಪಡೆದದ್ದು. ತರೀಕೆರೆಗೆ ಸೇರಿದ್ದ ಅದು ಈಚೆಗೆ ತಾನೇ ಒಂದು ತಾಲ್ಲೂಕಾಗಿದೆ. ಅಲ್ಲಿಯ ಪೇಟೆಯಲ್ಲಿ ಬಸ್ಸಿಗಾಗಿ ಕಾಯುತ್ತ ಅತ್ತಿತ್ತ ಅಡ್ಡಾಡುತ್ತಿದ್ದಾಗ, ಅಂಗಡಿಸಾಲಿನ ಕೊನೆಯಲ್ಲಿ ಮೀನಿನ ಬುಟ್ಟಿಯ ಮುಂದೆ ಕುಳಿತಿದ್ದ ಒಬ್ಬ ಹೆಂಗಸು, “ಮೇಷ್ಟ್ರೇ, ನಮಸ್ಕಾರ” ಎಂದಳು. ವಯಸ್ಸು ಐವತ್ತರ ಆಚೀಚೆ. ನಮ್ಮ ಮನೆಯಲ್ಲಿ ಮೀನು ತಿನ್ನುವ ವಾಡಿಕೆಯಿಲ್ಲದ ಕಾರಣ ಆ ಸಾಲಿನಲ್ಲಿ ನನ್ನನ್ನು ಬಲ್ಲವರು ಇರುವರೆಂದು ನಾನು ಎಣಿಸಿರಲಿಲ್ಲ. ಗುರುತು ಹತ್ತದೆ ನಿಂತೆನು.

“ಗುರ್ತು ಸಿಗಲಿಲ್ವಾ ಮೇಷ್ಟ್ರೇ? ನೀವು ಮತ್ಸ್ಯಗಂಧಿ ಪಾಠ ಮಾಡಿದ್ರಲ್ಲ, ಆ ವರ್ಷ ನಿಮ್ಮ ತರಗತಿಯಲ್ಲಿದ್ದೆ” ಎಂದು ಆಕೆ ನಕ್ಕಳು.

ಆಗ ನನಗೆ ಎಲ್ಲವೂ ನೆನಪಾಯಿತು.

ಅದು ೧೯೮೮ನೆಯ ಇಸವಿ. ನಾನು ಹೊಸದಾಗಿ ಕೆಲಸಕ್ಕೆ ಸೇರಿ ಕಡೂರು ಸೀಮೆಯ ಒಂದು ಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದೆನು. ಎಂಟನೆಯ ತರಗತಿಗೆ ಶಂತನುವಿನ ಕಥೆಯನ್ನು ವಿವರಿಸುತ್ತ, ಯಮುನೆಯಲ್ಲಿ ದೋಣಿ ನಡೆಸುತ್ತಿದ್ದ ದಾಶರಾಜನ ಮಗಳಿಗೆ ಮೈಯಲ್ಲಿ ಮೀನಿನ ವಾಸನೆಯಿದ್ದುದರಿಂದ ಮತ್ಸ್ಯಗಂಧಿಯೆಂಬ ಹೆಸರು ಬಂದಿತೆಂದು ಹೇಳಿದೆನು. ಹಿಂದಿನ ಸಾಲಿನ ಹುಡುಗನೊಬ್ಬನು ಗೋಡೆಯ ಪಕ್ಕದಲ್ಲಿ ಕುಳಿತಿದ್ದ ಬೆಸ್ತರ ಹುಡುಗಿಯ ಕಡೆ ತಿರುಗಿ ಮೂಗು ಮುಚ್ಚಿಕೊಂಡನು. ತರಗತಿಯೆಲ್ಲ ನಕ್ಕಿತು. ಆಗ ನಾನು ಗದರಿಸಬೇಕಾಗಿತ್ತು. ಗದರಿಸಲಿಲ್ಲ. ಅಷ್ಟೇ ಅಲ್ಲ, ನನ್ನ ತುಟಿಯ ಮೇಲೂ ಒಂದು ಎಳೆ ನಗೆ ಮೂಡಿತ್ತು. ಅದನ್ನು ಆ ಹುಡುಗಿ ಕಂಡಳು. ಹೆಸರು ಅವಳಿಗೆ ಅಂಟಿತು. ದಸರೆಯ ರಜೆ ಕಳೆದ ಮೇಲೆ ಅವಳು ಶಾಲೆಗೆ ಬರಲಿಲ್ಲ. ಕೆಲವು ದಿವಸ ನೋಡಿ, ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆಯನ್ನು ಎಳೆದವನು ನಾನೇ.

ನಾನು ಏನು ಹೇಳಬೇಕೆಂದು ತೋಚದೆ ನಿಂತಿರಲು, ಆಕೆಯೇ ಮಾತನ್ನು ಬೇರೆಡೆಗೆ ತಿರುಗಿಸಿ, ಎಲ್ಲಿಗೆ ಪಯಣವೆಂದು ಕೇಳಿದಳು. ಅಯ್ಯನಕೆರೆ ತುಂಬಿದೆಯೆಂದು ಕೇಳಿ ನೋಡುವುದಕ್ಕೆ ಹೊರಟಿರುವೆನೆಂದೆನು. “ಹಾಗಾದ್ರೆ ನಮ್ಮವ್ವನ್ನ ನೋಡಿ ಬನ್ನಿ. ಅಲ್ಲೇ ಐತೆ. ತೊಂಬತ್ತು ದಾಟಿದ್ರೂ ಬಲೆ ಬಿಟ್ಟಿಲ್ಲ. ಆ ಕೆರೆ ಸಂಗ್ತಿ ಅವಳಷ್ಟು ಬಲ್ಲೋರು ಯಾರೂ ಇಲ್ಲ” ಎಂದು ಮನೆಯ ಗುರುತನ್ನು ಹೇಳಿದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಭಾರವಾಗುತ್ತಿರಲಿಲ್ಲ.

ಬೀರೂರು, ಕಡೂರುಗಳನ್ನು ದಾಟಿ, ತೆಂಗಿನ ತೋಟಗಳ ನಡುವೆ ಸಾಗಿ, ಮರುದಿವಸ ಬೆಳಗ್ಗೆ ಸಖರಾಯಪಟ್ಟಣಕ್ಕೆ ಬಂದೆನು. ಅಲ್ಲಿಂದ ಅಯ್ಯನಕೆರೆ ದೂರವಿಲ್ಲ. ಏರಿಯನ್ನು ಹತ್ತಿ ನಿಂತವನಿಗೆ ಕಣ್ಣು ತುಂಬುವಷ್ಟು ನೀರು. ನೀರಿನಾಚೆ ೪೬೫೩ ಅಡಿ ಎತ್ತರದ ಶಕುನಗಿರಿ, ಧಾನ್ಯದ ರಾಶಿಯನ್ನು ಸುರಿದಿಟ್ಟಂತೆ ಚೂಪಾಗಿ ನಿಂತು, ತನ್ನ ನೆರಳನ್ನು ಕೆರೆಯಲ್ಲಿ ನೋಡಿಕೊಳ್ಳುತ್ತಿತ್ತು. ಅದರ ಹಿಂದೆ ದೊಡ್ಡ ಬೆಟ್ಟಗಳ ನೀಲಿ ಗೋಡೆ. ತೂಬುಗಳಿಂದ ಹೊರಟ ಕಾಲುವೆಗಳು ಕೆಳಗಿನ ಗದ್ದೆತೋಟಗಳಿಗೆ ಹರಿಯುವ ಸದ್ದು ಏರಿಯ ಮೇಲಕ್ಕೂ ಕೇಳಿಸುತ್ತಿತ್ತು. ಎರಡು ಹರಿಗೋಲುಗಳು ನೀರಿನ ಮೇಲೆ ಮೆಲ್ಲಗೆ ತಿರುಗುತ್ತಿದ್ದುವು.

ಅಜ್ಜಿ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕುಳಿತು, ಬಲೆಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹರಿದ ಕಡೆ ಹೆಣೆಯುತ್ತಿದ್ದಳು. ದೃಷ್ಟಿ ಮಂದವಾಗಿದೆ. ಬೆರಳು ಬಲೆಯ ಮೇಲೆ ಓಡಾಡಿ, ಹರಿದ ಕಣ್ಣು ಸಿಕ್ಕಿದೊಡನೆ ತಾನೇ ನಿಲ್ಲುತ್ತದೆ. ಮಗಳ ಹೆಸರನ್ನು ಹೇಳಿ, ನಾನು ಮೇಷ್ಟ್ರೆಂದು ಪರಿಚಯಿಸಿಕೊಂಡೆನು. “ಬನ್ನಿ ಸ್ವಾಮಿ, ಕೂತ್ಕೊಳಿ” ಎಂದು ಜಗಲಿಯ ಒಂದು ಪಕ್ಕವನ್ನು ಸೆರಗಿನಿಂದ ಒರಸಿದಳು. ಅಷ್ಟು ವರ್ಷ ಆ ಸೀಮೆಯಲ್ಲಿ ಕೆಲಸ ಮಾಡಿಯೂ ಅಂಥ ಜಗಲಿಯ ಮೇಲೆ ನಾನು ಕುಳಿತದ್ದು ಅದೇ ಮೊದಲು.

“ನಿಮಗೆ ವಯಸ್ಸೆಷ್ಟಮ್ಮಾ?” ಎಂದು ಕೇಳಿದೆನು.

“ಯಾರು ಬರೆದಿಟ್ಟವ್ರೆ ಸ್ವಾಮಿ? ಮಾರಿಕಣಿವೆ ತುಂಬಿ ಹೊರಚೆಲ್ಲಿದ ವರ್ಷ ನಾನು ಹುಟ್ಟಿದ್ದು ಅಂತ ನಮ್ಮವ್ವ ಹೇಳ್ತಿದ್ಲು.”

ನಾನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆನು. ೧೯೦೭ರಲ್ಲಿ ಮುಗಿದ ಆ ಅಣೆಕಟ್ಟು ಮೊದಲ ಬಾರಿ ತುಂಬಿ ಕೋಡಿ ಬಿದ್ದುದು ೧೯೩೩ರಲ್ಲಿ. ಆಮೇಲೆ ಎಂಬತ್ತೊಂಬತ್ತು ವರ್ಷ ಅದು ತುಂಬಲಿಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ನೀರು ೧೩೦ ಅಡಿಯನ್ನು ಮುಟ್ಟಿ ಮತ್ತೆ ಕೋಡಿ ಹರಿಯಿತು. ಒಂದು ಕೋಡಿಗೂ ಇನ್ನೊಂದು ಕೋಡಿಗೂ ನಡುವೆ ಈ ಹೆಂಗಸಿನ ಆಯುಷ್ಯವೆಲ್ಲ ಹಿಡಿಸಿದೆ! ನಾವು ಪಂಚಾಂಗವನ್ನು ನೋಡಿ ಸಂವತ್ಸರಗಳನ್ನು ಎಣಿಸುತ್ತೇವೆ. ಆಕೆಯ ಪಂಚಾಂಗ ನೀರು. ಹಿರಿಯ ಮಗ ಹುಟ್ಟಿದ್ದು ಹೊಳೆಗೆ ಗೋಡೆ ಏಳುತ್ತಿದ್ದ ವರ್ಷ. ತಾಯಿ ಸತ್ತದ್ದು ತೂಬಿನ ಕಲ್ಲು ಕಾಣುವಷ್ಟು ಕೆರೆ ಬತ್ತಿದ ವರ್ಷ. ಆಕೆಯ ಮಾತಿನಲ್ಲಿ ಇಸವಿಗಳೇ ಬರುವುದಿಲ್ಲ.

ಆಕೆಯ ಜನರನ್ನು ಬೆಸ್ತರೆಂದೂ, ಗಂಗೆಮಕ್ಕಳೆಂದೂ, ಗಂಗಾಮತಸ್ಥರೆಂದೂ, ಅಂಬಿಗರೆಂದೂ ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆ. ಮೀನು ಹಿಡಿಯುವುದು, ಹೊಳೆ ದಾಟಿಸುವುದು, ಹಿಂದೆ ಪಲ್ಲಕ್ಕಿ ಹೊರುವುದು, ಸುಣ್ಣ ಸುಡುವುದು ಇವು ಅವರ ಕಸುಬುಗಳು. ಆಕೆಯ ಬಾಲ್ಯದಲ್ಲಿ ಬಲೆಯ ದಾರವನ್ನು ಮನೆಯಲ್ಲಿಯೇ ಹೊಸೆಯುತ್ತಿದ್ದರು. ಒಂದು ಬಿದಿರಿನ ಪಟ್ಟಿಯ ಅಗಲವೇ ಬಲೆಯ ಕಣ್ಣಿಗೆ ಅಳತೆ. “ಮರಿ ಹೋಗ್ಲಿ, ಬೆಳೆದದ್ದು ಸಿಗ್ಲಿ ಅಂತ ನಮ್ಮಪ್ಪ ಪಟ್ಟಿ ಕೆತ್ತಿ ಕೊಡೋನು” ಎಂದಳು. ಹೆಣೆದ ಬಲೆಯನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸುವರು. ಹಾಗೆ ಮಾಡದಿದ್ದರೆ ನೂಲು ಬೇಗ ಕೊಳೆಯುತ್ತಿತ್ತು. ಹರಿಗೋಲಿಗೆ ಬಿದಿರಿನ ಹಂದರ, ಅದರ ಮೇಲೆ ಎಮ್ಮೆಯ ಚರ್ಮ. ಈಗ ಬಲೆ ನೈಲಾನಿನದು. ಹರಿಗೋಲಿಗೆ ಪ್ಲಾಸ್ಟಿಕ್ ಹಾಳೆ, ಡಾಂಬರು. ಹರಿದದ್ದನ್ನು ಹೆಣೆಯುವ ಕೈ ಮಾತ್ರ ಹಳೆಯದು.

ಗಾಂಧೀಜಿ ತೀರಿಕೊಂಡ ವರ್ಷ, ಅರ್ಥಾತ್ ೧೯೪೮ರಲ್ಲಿ, ಆಕೆಯನ್ನು ಲಕ್ಕವಳ್ಳಿಯ ಕಡೆಗೆ, ಭದ್ರಾನದಿಯ ದಡದ ಒಂದು ಮನೆಗೆ ಕೊಟ್ಟರು. ಕೆರೆಯ ಹುಡುಗಿ ಹೊಳೆಯ ಸೊಸೆಯಾದಳು. ಕೆರೆಯಲ್ಲಿ ಮೀನು ಇದ್ದಲ್ಲಿಗೆ ನಾವು ಹೋಗಬೇಕು, ಹೊಳೆಯಲ್ಲಿ ಮೀನೇ ನಮ್ಮ ಕಡೆ ಬರುತ್ತದೆ ಎಂದು ಆಕೆ ಎರಡಕ್ಕೂ ಇರುವ ಭೇದವನ್ನು ವಿವರಿಸಿದಳು. ಮುಂಗಾರಿನ ಹೊಸನೀರು ಬಂದೊಡನೆ ಮೊಟ್ಟೆಯಿಡುವುದಕ್ಕಾಗಿ ಮೀನುಗಳು ಪ್ರವಾಹಕ್ಕೆ ಎದುರಾಗಿ ಹಳ್ಳಕೊಳ್ಳಗಳನ್ನು ಏರುತ್ತವೆ. ಮಲೆನಾಡಿನವರು ಅದನ್ನು ‘ಹತ್ತುಮೀನು’ ಎನ್ನುತ್ತಾರೆ. ಆ ಕೆಲವು ರಾತ್ರಿಗಳಲ್ಲಿ ಬಿದಿರಿನ ಕೂಣಿಗಳನ್ನು ಒಡ್ಡಿದರೆ ತಿಂಗಳುಗಟ್ಟಲೆ ಒಣಗಿಸಿಡುವಷ್ಟು ಮೀನು ಸಿಕ್ಕುತ್ತಿತ್ತಂತೆ.

ಆದರೆ ಅಷ್ಟರಲ್ಲಿ ಅಣೆಕಟ್ಟಿನ ಕೆಲಸ ಮೊದಲಾಗಿತ್ತು. ಹತ್ತುಮೀನಿನ ದಾರಿಗೆ ಅಡ್ಡವಾಗಿ ಗೋಡೆ ಎದ್ದಿತು. ದಡದ ಊರುಗಳು ಮುಳುಗುವುದೆಂಬ ಸುದ್ದಿ ಬಂದಿತು. ಹೊಳೆಯಲ್ಲಿ ದುಡಿಯುತ್ತಿದ್ದ ಗಂಡಸರು ಕೂಲಿಗೆ ಹೋದರು. ಆಕೆಯೂ ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಮಣ್ಣು ಹೊತ್ತಳು. “ನಮ್ಮ ಹೊಳೆಗೆ ನಾವೇ ಬಾಗಿಲು ಹಾಕಿದ್ವಿ ಸ್ವಾಮಿ. ಕೆಳಗಿನ ಸೀಮೆಗೆಲ್ಲ ಅನ್ನ ಬಂತು, ಸುಳ್ಳಲ್ಲ. ನಮಗೆ ಊರು ಹೋಯ್ತು, ಅದೂ ಸುಳ್ಳಲ್ಲ” ಎಂದು, ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದಂತೆ ಹೇಳಿದಳು. ನದಿಯ ನೀರು ಯಂತ್ರದಿಂದ ಗುಡ್ಡ ಹತ್ತುವುದನ್ನು ಹಿಂದಿನ ದಿವಸ ನೋಡಿ ಬೆರಗಾಗಿದ್ದ ನನಗೆ, ಆ ನೀರಿನಲ್ಲಿ ಹಿಂದೆ ಮೀನುಗಳೂ ಹತ್ತುತ್ತಿದ್ದುವೆಂಬುದು ಆಗ ತಿಳಿಯಿತು.

ಅಣೆಕಟ್ಟು ಮುಗಿಯುವ ಹೊತ್ತಿಗೆ ಗಂಡಹೆಂಡಿರು ಮಕ್ಕಳೊಡನೆ ಅಯ್ಯನಕೆರೆಗೇ ಹಿಂದಿರುಗಿದರು. ಕಡೆಯ ಮಗಳು ಇನ್ನೂ ಎದೆಹಾಲು ಕುಡಿಯುತ್ತಿದ್ದಾಗ, ಗಾಳಿಯ ದಿವಸ ಒಂದು ಸಂಜೆ, ಗಂಡನಿದ್ದ ಹರಿಗೋಲು ಮಗುಚಿತು. ಮೂರನೆಯ ದಿವಸ ದೇಹ ಸಿಕ್ಕಿತು. ಈ ಭಾಗವನ್ನು ಆಕೆ ಬಹಳ ಬೇಗ ಹೇಳಿ ಮುಗಿಸಿದಳು. “ಗಂಗಮ್ಮನ ಮೇಲೆ ಸಿಟ್ಟು ಬಂದಿತ್ತು. ಹದಿನಾಲ್ಕು ದಿವಸ ನೀರಿನ ಕಡೆ ಮುಖ ಹಾಕಲಿಲ್ಲ. ಸಿಟ್ಟಿನಲ್ಲಿ ಮುದ್ದೆ ಬೇಯ್ತದಾ ಸ್ವಾಮಿ? ಹದಿನೈದನೇ ದಿನ ಬಲೆ ತಗೊಂಡು ಹೋದೆ.” ಮೈದುನನ ಹರಿಗೋಲಿನಲ್ಲಿ ತಾನೂ ಕುಳಿತು ಬಲೆ ಬಿಡುವುದು, ಬೆಳಗಿನ ಜಾವಕ್ಕೆ ಮೀನು ಬಿಡಿಸುವುದು, ಬುಟ್ಟಿಯನ್ನು ತಲೆಯ ಮೇಲಿಟ್ಟು ಸಖರಾಯಪಟ್ಟಣದ ಬೀದಿಗಳಲ್ಲಿಯೂ ಸುತ್ತಿನ ಹಳ್ಳಿಗಳಲ್ಲಿಯೂ ಮಾರುವುದು, ಉಳಿದದ್ದನ್ನು ಉಪ್ಪು ಹಚ್ಚಿ ಒಣಗಿಸಿ ಅಜ್ಜಂಪುರದ ಸಂತೆಗೆ ಒಯ್ಯುವುದು, ಹೀಗೆ ಮಕ್ಕಳನ್ನೆಲ್ಲ ದಡ ಹತ್ತಿಸಿದಳು. ಅಜ್ಜಂಪುರದಲ್ಲಿ ಈಗ ಮಗಳು ಕೂರುವ ಜಾಗ ಮೊದಲು ತಾಯಿಯದು.

ಮೀನೂ ಬದಲಾಯಿತು. ಆಕೆಯ ಚಿಕ್ಕಂದಿನಲ್ಲಿ ಕೊರವ, ಗಿರ್ಲು, ಬಾಳೆಮೀನು, ಚೇಳುಮೀನು ಇವೇ ಕೆರೆಯ ಸಂಪತ್ತು. ಅವು ತಾವೇ ಹುಟ್ಟಿ ತಾವೇ ಬೆಳೆಯುತ್ತಿದ್ದುವು. ಆಮೇಲೆ ಬಂದುವು ಕಾಟ್ಲಾ, ರೋಹು, ಮೃಗಾಲ್. ಇವು ಉತ್ತರದ ಮಹಾನದಿಗಳ ಮೀನುಗಳು. ಹರಿಯುವ ನೀರಿನಲ್ಲಲ್ಲದೆ ನಿಂತ ಕೆರೆಯಲ್ಲಿ ಮರಿ ಮಾಡುವುದಿಲ್ಲ. ೧೯೫೭ರಲ್ಲಿ ಒಡಿಶಾದ ಅಂಗುಲ್ ಎಂಬಲ್ಲಿ ಡಾ. ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಬೇಕಾದಾಗ ಮೊಟ್ಟೆಯಿಡಿಸುವ ಉಪಾಯವನ್ನು ಕಂಡುಹಿಡಿದರು. ಆ ಮೇಲೆ ದೇಶದ ಕೆರೆಗಳಿಗೆಲ್ಲ ಮರಿಗಳನ್ನು ಒದಗಿಸುವುದು ಸಾಧ್ಯವಾಯಿತು. ಭದ್ರಾ ಯೋಜನೆಯ ಬಳಿಯೂ ಮೀನುಮರಿಗಳ ಕ್ಷೇತ್ರವೊಂದು ಏರ್ಪಟ್ಟಿತು. ಇಳುವರಿ ಹೆಚ್ಚಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮರಿಯನ್ನು ತಂದು ಬಿಟ್ಟವನೇ ಮೀನಿಗೆ ಒಡೆಯನೆಂಬ ನ್ಯಾಯವೂ ಅದರೊಡನೆ ಬಂದಿತು. ಕೆರೆ ಗುತ್ತಿಗೆಯ ವಸ್ತುವಾಯಿತು. “ಮುಂಚೆ ಕೆರೆ ನಮ್ಮನ್ನ ಕೇಳ್ತಿರಲಿಲ್ಲ, ನಾವೂ ಕೆರೆನ ಕೇಳ್ತಿರಲಿಲ್ಲ. ಈಗ ಕಾಗದ ಕೇಳ್ತದೆ. ಕಾಗದದಲ್ಲಿ ಗಂಡಸರ ಹೆಸರು ಐತೆ, ನನ್ನ ಹೆಸರಿಲ್ಲ. ಎಂಬತ್ತು ವರ್ಷ ಬಲೆ ಹೆಣೆದವಳು ನಾನು” ಎಂದು ಅಜ್ಜಿ ನಕ್ಕಳು.

ಮಾತಿನ ನಡುವೆ ನಾನು ಕೆರೆಯ ಐತಿಹ್ಯವನ್ನು ಎತ್ತಿದೆನು. ಕೆರೆ ಒಡೆಯುವುದೆಂದು ಗಂಗೆ ನೀರಗಂಟಿಗೆ ಕಾಣಿಸಿಕೊಂಡು ತಿಳಿಸಿದಳಂತೆ. ‘ನಾನು ರಾಜನಿಗೆ ಹೇಳಿ ಬರುವವರೆಗೆ ತಡೆ ತಾಯಿ’ ಎಂದು ಅವನು ಮಾತು ತೆಗೆದುಕೊಂಡು ಓಡಿದನು. ಅವನು ಹಿಂದಿರುಗದಿದ್ದರೆ ಕೆರೆ ಒಡೆಯಲಾರದೆಂದು ಯೋಚಿಸಿದ ರಾಜನು ಅವನನ್ನು ಅಲ್ಲಿಯೇ ಕೊಲ್ಲಿಸಿದನು. ಗಂಗೆ ಇನ್ನೂ ಕಾಯುತ್ತಿದ್ದಾಳೆ, ಕೆರೆ ಇನ್ನೂ ನಿಂತಿದೆ. ನಮ್ಮ ನಾಡಿನ ಬೇರೆ ಕೆರೆಗಳ ವಿಷಯದಲ್ಲಿಯೂ ಇಂಥ ಕಥೆಗಳುಂಟು. ರಾಜನ ಕ್ರೌರ್ಯವನ್ನೂ ನೀರಗಂಟಿಯ ನಿಷ್ಠೆಯನ್ನೂ ನಾನು ಹಲವು ಬಾರಿ ತರಗತಿಯಲ್ಲಿ ವರ್ಣಿಸಿದ್ದೇನೆ. ಅಜ್ಜಿ ಎಲ್ಲವನ್ನೂ ಕೇಳಿ, “ಅವನಿಗೆ ಹೆಂಡ್ತಿ ಇರ್ಲಿಲ್ವಾ ಸ್ವಾಮಿ? ಅವಳೂ ಕಾದಿರ್ತಾಳೆ. ಅವಳ ಕಥೆ ಯಾರೂ ಹೇಳಲ್ಲ” ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಬಿಸಿಲೇರಿತು. ಹೇಳದೆ ಎದ್ದು ಬಂದಿದ್ದರೆ ಯಾರೂ ನನ್ನನ್ನು ಹಿಡಿದು ಕೇಳುತ್ತಿರಲಿಲ್ಲ. ಆದರೂ ಮನಸ್ಸು ತಡೆಯದೆ ೧೯೮೮ರ ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ ಆಕೆಗೆ ತಿಳಿಸಿದೆನು. ನಿಮ್ಮ ಮಗಳ ಓದು ನಿಂತುದಕ್ಕೆ ನಾನೂ ಕಾರಣನು ಎಂದೆನು.

ಬಲೆಯ ಮೇಲಿನ ಬೆರಳು ನಿಂತಿತು. “ಹೆಸರಿಟ್ಟು ಕರೀತಾರೆ ಅಂತ ಅತ್ತಿದ್ಲು. ನಾನೂ ಹೋಗು ಅಂತ ಒತ್ತಾಯ ಮಾಡ್ಲಿಲ್ಲ. ಬಲೆಗೆ ಒಂದು ಕೈ ಬೇಕಾಗಿತ್ತು. ನಿಮ್ಮದೂ ತಪ್ಪು, ನಂದೂ ತಪ್ಪು” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ವಾಸನೆ ಇದ್ದದ್ದು ನಿಜ ಮೇಷ್ಟ್ರೇ. ವಾಸನೆ ಇಲ್ಲದ ದಿನ ನಮಗೆ ಉಪವಾಸ. ಅಷ್ಟು ನೀವು ಆ ಹುಡುಗರಿಗೆ ಹೇಳಿದ್ರೆ ಸಾಕಾಗ್ತಿತ್ತು” ಎಂದಳು.

ಮೂವತ್ತೈದು ವರ್ಷಗಳಿಗೂ ಮಿಗಿಲಾಗಿ ಪಾಠ ಹೇಳಿದವನಿಗೆ ಅಂದು ಪಾಠವಾಯಿತು. ಪರಾಶರನ ವರದಿಂದ ಮತ್ಸ್ಯಗಂಧಿ ಯೋಜನಗಂಧಿಯಾದಳೆಂದು ನಾವು ಸಂತೋಷದಿಂದ ಓದುತ್ತೇವೆ. ದುಡಿಮೆಯ ವಾಸನೆ ಹೋಗಿ ಸುಗಂಧ ಬಂದರಷ್ಟೆ ಹೆಣ್ಣಿಗೆ ಗೌರವ ಬರುವುದೆಂಬ ಅರ್ಥ ಆ ಓದಿನಲ್ಲಿ ಅಡಗಿರುವುದನ್ನು ನಾನು ಗಮನಿಸಿಯೇ ಇರಲಿಲ್ಲ.

ಏಳುವ ಹೊತ್ತಿಗೆ ಅಜ್ಜಿ ಕೇಳಿದಳು: “ಆ ಕಥೆಯ ನಮ್ಮ ಹುಡುಗಿ ಕೊನೆಗೆ ಏನಾದ್ಲು?”

ನಾನು ಹೇಳಿದೆನು. ರಾಜನನ್ನು ಮದುವೆಯಾಗಿ ಸತ್ಯವತಿ ಮಹಾರಾಣಿಯಾದಳು. ಭಾರತವನ್ನು ರಚಿಸಿದ ವ್ಯಾಸರು ಆಕೆಯ ಮಗ. ಗಂಡನು ತೀರಿಕೊಂಡನು, ಅರಮನೆಯಲ್ಲಿ ಹುಟ್ಟಿದ ಇಬ್ಬರು ಗ೦ಡುಮಕ್ಕಳೂ ತೀರಿಕೊಂಡರು. ಮೊಮ್ಮಗನಾದ ಪಾಂಡುವಿನ ಸಾವನ್ನೂ ಆಕೆ ಕಂಡಳು. ಮುಂದೆ ಬರಲಿರುವ ಕುಲನಾಶವನ್ನು ಕಣ್ಣಿನಿಂದ ನೋಡುವುದು ಬೇಡವೆಂದು ವ್ಯಾಸರು ತಾಯಿಗೆ ಬುದ್ಧಿಹೇಳಿದರು. ಆಕೆ ಸೊಸೆಯರೊಡನೆ ಅರಮನೆಯನ್ನು ಬಿಟ್ಟು ಕಾಡಿಗೆ ಹೋದಳು.

ಅಜ್ಜಿ ಬಹಳ ಹೊತ್ತು ಕೆರೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಆಮೇಲೆ, “ಕಾಡಿಗೆ ಯಾಕೆ ಹೋದ್ಲು ಸ್ವಾಮಿ? ಹೊಳೆ ಅಲ್ಲೇ ಇತ್ತಲ್ಲ” ಎಂದಳು. ಬೆರಳುಗಳು ಮತ್ತೆ ಬಲೆಯ ಮೇಲೆ ಹರಿದ ಕಣ್ಣನ್ನು ಹುಡುಕತೊಡಗಿದುವು.

ಹಿಂದಿರುಗುವಾಗ ನಾನು ಕಡೂರಿನಿಂದ ನೇರವಾಗಿ ಊರಿಗೆ ಹೋಗಬಹುದಾಗಿತ್ತು. ಹೋಗಲಿಲ್ಲ. ಅಜ್ಜಂಪುರದ ಬಸ್ಸನ್ನು ಹತ್ತಿದೆನು. ತಾಯಿಗೆ ಹೇಳಿದುದನ್ನು ಮಗಳಿಗೂ ಹೇಳುವುದು ಬಾಕಿಯಿತ್ತು.